ಏರಿಯಿಲ್ಲದ ಕೆರೆಯ ಶನಿವಾರಗಳು

ಮಧುರೆ

ನನಗೆ ಅನುಮಾನ ಹುಟ್ಟುಗುಣ. ಅಂಗಡಿಯವನು ತಕ್ಕಡಿ ಎತ್ತಿದರೆ ಮೊದಲು ತಟ್ಟೆಯ ತಳ ನೋಡುತ್ತೇನೆ. ಬಸ್ಸಿನಲ್ಲಿ ಪಕ್ಕದವರು ನಕ್ಕರೆ ಚೀಲವನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತೇನೆ. ರಸಾಯನಶಾಸ್ತ್ರ ಓದಿದ ಮೇಲೆ ಈ ಗುಣಕ್ಕೆ ಸಂಬಳವೂ ಸಿಗತೊಡಗಿತು. ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ಗಾಳಿ, ನೀರು ಪರೀಕ್ಷೆ ಮಾಡುವ ಕೆಲಸ ನನ್ನದು. ಬಾಟಲಿಯ ಮೇಲೆ ಬರೆದದ್ದೇ ಬಾಟಲಿಯ ಒಳಗೂ ಇದೆ ಎಂದು ನಂಬಬೇಡ ಎನ್ನುವುದು ಅಲ್ಲಿ ನನಗೆ ಹೇಳಿಕೊಟ್ಟ ಮೊದಲ ಪಾಠ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಫಿನ್ಲೆಂಡ್ ದೇಶದಲ್ಲಿ ಒಂದು ಕೆರೆಯ ಮೇಲಿನ ಗಾಳಿಯನ್ನು ದಿನವೂ ಅಳೆಯುತ್ತಾರೆ, ಮೂರು ತಿಂಗಳಿದ್ದು ಕಲಿತು ಬನ್ನಿ ಎಂದು ನಮ್ಮ ಸಾಹೇಬರು ಕರೆದು ಹೇಳಿದಾಗ ನನ್ನ ಬಾಯಿಂದ ಮೊದಲು ಬಂದದ್ದು, "ಯಾಕೆ ಸಾರ್, ನಾನೇ ಯಾಕೆ?" ಎಂಬ ಮಾತು.

"ನೀವು ಯಾರನ್ನೂ ನಂಬಲ್ವಲ್ಲಮ್ಮ, ಅದಕ್ಕೇ," ಎಂದರು.

ಕಲಿತವರು ಸರಿಯಾಗಿ ಕಲಿತಿದ್ದಾರೆ ಎಂದು ಅಲ್ಲಿಯವರಿಗೆ ಅನ್ನಿಸಿದರೆ ಅಂಥದೇ ಒಂದು ಯಂತ್ರವನ್ನು ನಮ್ಮ ಕಚೇರಿಗೂ ಕೊಡುವುದಾಗಿ ಒಪ್ಪಂದವಾಗಿತ್ತು. ಯಂತ್ರ ಬಂದರೆ ಅದನ್ನು ದೊಡ್ಡಬಳ್ಳಾಪುರದ ಹತ್ತಿರದ ನಮ್ಮೂರು ಮಧುರೆಯ ಕೆರೆ ಏರಿಯ ಮೇಲೆ ಇಡುವುದೆಂದು ಸಾಹೇಬರು ಮಾತು ಕೊಟ್ಟರು. ನಾನು ಕೆಟ್ಟ ಹೆಸರು ತಂದರೆ ಯಂತ್ರವೂ ಇಲ್ಲ, ಇನ್ನು ಮುಂದೆ ನಮ್ಮ ಕಚೇರಿಯ ಯಾರಿಗೂ ಕರೆ ಬರುವುದಿಲ್ಲ. ಅದರಲ್ಲೂ ಹೆಂಗಸರಿಗೆ. ಇದನ್ನು ಅವರು ಹೇಳಲಿಲ್ಲ, ನಾನೇ ಅರ್ಥ ಮಾಡಿಕೊಂಡೆ.

ಮನೆಯಲ್ಲಿ ನನಗಿಂತ ಹೆಚ್ಚು ಅನುಮಾನದವರು ಒಬ್ಬರೇ, ನಮ್ಮತ್ತೆ. ಹುರಿಹಿಟ್ಟು, ಚಟ್ನಿಪುಡಿ, ನಿಪ್ಪಟ್ಟು ಎಲ್ಲ ಕಟ್ಟಿಕೊಟ್ಟು, ಕೊನೆಯಲ್ಲಿ ಸೆರಗಿನ ಒಳಗಿಂದ ಒಂದು ಗಂಟು ತೆಗೆದರು. ಅದರ ತುಂಬ ಆಗಲೇ ಎಣ್ಣೆ ಹೀರಿದ ಎಳ್ಳುಬತ್ತಿ. ಕರಿ ಎಳ್ಳನ್ನು ಕರಿ ಬಟ್ಟೆಯ ಚೂರಿನಲ್ಲಿ ಬಿಗಿದು, ಎಳ್ಳೆಣ್ಣೆಯಲ್ಲಿ ಅದ್ದಿ ಹಚ್ಚುವುದು ನಮ್ಮೂರ ಶನಿಮಹಾತ್ಮನಿಗೆ ಸಲ್ಲುವ ದೀಪ. ಅದರಲ್ಲಿ ಬೆಳಕಿಗಿಂತ ಹೊಗೆ ಜಾಸ್ತಿ. ಶನಿವಾರ ದೇವಸ್ಥಾನಕ್ಕೆ ಹೋಗಿ ಬಂದವರ ಮೂಗಿನ ಹೊಳ್ಳೆ ನೋಡಿದರೇ ಸಾಕು, ಎಲ್ಲಿಗೆ ಹೋಗಿದ್ದರೆಂದು ತಿಳಿಯುತ್ತದೆ.

"ನೋಡವ್ವಾ, ನಿಂಗೆ ಸಾಡೇಸಾತಿ ನಡೀತೈತೆ. ಇಂಥಾ ಹೊತ್ತಲ್ಲಿ ಸಮುದ್ರ ಬೇರೆ ದಾಟ್ತೀಯ. ಶನಿವಾರ ಶನಿವಾರ ತಪ್ಪದಂಗೆ ಒಂದೊಂದು ಹಚ್ಚು. ದೂರದ ದೇಶ, ಅತ್ತೆಗೇನು ಗೊತ್ತಾಗ್ತೈತೆ ಅಂದ್ಕೊಂಡು ಸುಮ್ನಾಗ್ಬೇಡ. ನಂಗೊತ್ತಾಗ್ತೈತೆ."

ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಲಿಲ್ಲ. ಹಾಲಿನವನು ನೀರು ಬೆರೆಸಿದ್ದು ಅವರಿಗೆ ಚೊಂಬಿನ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

ಕಸ್ಟಮ್ಸ್ ಮೇಜು

ಪರದೇಶದ ನೆಲದಲ್ಲಿ ನನ್ನನ್ನು ಮೊದಲು ಅನುಮಾನಿಸಿದವನು ಕಸ್ಟಮ್ಸ್ ಅಧಿಕಾರಿ. ಹುರಿಹಿಟ್ಟಿನ ಡಬ್ಬ ತೆಗೆಸಿ ಬೆರಳಿನಲ್ಲಿ ಉಜ್ಜಿ ನೋಡಿದ. ಚಟ್ನಿಪುಡಿ ಮೂಸಿ ಸೀನಿದ, ಮತ್ತೆ ಸೀನಿದ. ಕಣ್ಣೊರೆಸಿಕೊಂಡು ಕರಿ ಗಂಟನ್ನು ಎತ್ತಿ ಹಿಡಿದ.

"ಏನಿದು?"

"ಎಳ್ಳು."

"ತಿನ್ನಲಿಕ್ಕೆ?"

"ಸುಡಲಿಕ್ಕೆ."

"ಯಾಕೆ?"

ಸಾಡೇಸಾತಿಯನ್ನು ಇಂಗ್ಲಿಷಿನಲ್ಲಿ ಹೇಳುವುದು ನನ್ನಿಂದಾಗಲಿಲ್ಲ. "ಒಂದು ಗ್ರಹ ನನಗೆ ತೊಂದರೆ ಕೊಡುತ್ತಿದೆ," ಎಂದೆ. ಅವನು ಪಾಸ್‌ಪೋರ್ಟಿನ ಮುಖವನ್ನೂ ನನ್ನ ಮುಖವನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಒಂದು ಬತ್ತಿಯನ್ನು ಬಿಚ್ಚಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದು, ಹೋಗು ಎಂದು ಕೈ ಬೀಸಿದ. ಶನಿದೇವರ ಎಳ್ಳು ತಿಂದ ಆ ಮನುಷ್ಯನಿಗೆ ಮುಂದೆ ಏನಾಯಿತೋ ಎಂಬ ಚಿಂತೆ ರೈಲಿನುದ್ದಕ್ಕೂ ನನ್ನನ್ನು ಕಾಡಿತು.

ರೈಲಿನಲ್ಲಿ ಯಾರೂ ಮಾತಾಡಲಿಲ್ಲ. ನಮ್ಮ ದೊಡ್ಡಬಳ್ಳಾಪುರದ ಬಸ್ಸಿನಲ್ಲಾದರೆ ಯಲಹಂಕ ಬರುವಷ್ಟರಲ್ಲಿ ಪಕ್ಕದವರ ಊರು, ಗಂಡನ ಕೆಲಸ, ಮಕ್ಕಳೆಷ್ಟು, ಸೊಸೆ ಹೇಗೆ, ಎಲ್ಲವೂ ತಿಳಿದಿರುತ್ತದೆ. ಇಲ್ಲಿ ಎದುರಿಗೆ ಕೂತ ಹೆಂಗಸು ಇಡೀ ದಾರಿ ಕಿಟಕಿಯನ್ನೇ ನೋಡಿದಳು. ಇಷ್ಟು ಸುಮ್ಮನಿರುವವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಇಳಿಯುವಾಗ ಆಕೆ ನನ್ನ ಪೆಟ್ಟಿಗೆಯನ್ನು ಮಾತಿಲ್ಲದೆ ಎತ್ತಿ ಕೆಳಗಿಟ್ಟು ಹೋದಳು. ನಾನು ಮೊದಲು ಬೀಗ ಮುಟ್ಟಿ ನೋಡಿ, ಆಮೇಲೆ ಥ್ಯಾಂಕ್ಸ್ ಹೇಳಬೇಕೆಂದು ತಲೆ ಎತ್ತಿದೆ. ಆಕೆ ಆಗಲೇ ದೂರ ಹೋಗಿದ್ದಳು.

ಬಂಡೆಯ ಮೇಲಿನ ಪಂಪು

ಕೆರೆ ನೋಡಿದೊಡನೆ ನನಗೆ ಇನ್ನೊಂದು ಅನುಮಾನ ಹುಟ್ಟಿತು. ಏರಿ ಇಲ್ಲ, ತೂಬು ಇಲ್ಲ, ಕೋಡಿ ಇಲ್ಲ. ಕಾಡಿನ ಮಧ್ಯೆ ಇಷ್ಟು ದೊಡ್ಡ ನೀರು ತಾನಾಗಿಯೇ ಹರಡಿಕೊಂಡು ಬಿದ್ದಿತ್ತು. ದನ ಇಳಿಯುತ್ತಿರಲಿಲ್ಲ, ಬಟ್ಟೆ ಒಗೆಯುವ ಕಲ್ಲೂ ಕಾಣಲಿಲ್ಲ. "ಇದನ್ನು ಕಟ್ಟಿಸಿದವರು ಯಾರು?" ಎಂದು ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ಕೋಸ್ಕಿಯವರನ್ನು ಕೇಳಿದೆ.

"ಮಂಜುಗಡ್ಡೆ," ಎಂದರು ಅವರು. ತಮಾಷೆಯೋ ಎಂದು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ, ಸಾವಿರಾರು ವರ್ಷಗಳ ಹಿಂದೆ ಆ ನಾಡನ್ನೆಲ್ಲ ಮುಚ್ಚಿದ್ದ ಮಂಜುಗಡ್ಡೆ ಜರುಗಿ ನೆಲ ಕೊರೆದು ಆದ ಕೆರೆಯಂತೆ. ಬಹಳ ಎತ್ತರದ, ಬಹಳ ತೆಳ್ಳಗಿನ ಮನುಷ್ಯ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ನಾವು ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು.

ದಡದಿಂದ ಸ್ವಲ್ಪ ಒಳಗೆ ನೀರಿನಲ್ಲಿ ಒಂದು ಬಂಡೆ, ಬಂಡೆಗೆ ಮರದ ಕಾಲುಸೇತುವೆ, ಬಂಡೆಯ ಮೇಲೆ ಒಂದು ಸಣ್ಣ ಕೋಣೆ. ಅದೇ ಕೇಂದ್ರ. ಒಳಗೆ ಒಂದು ಪಂಪು ಹಗಲೂ ರಾತ್ರಿ ಕೆರೆಯ ಮೇಲಿನ ಗಾಳಿಯನ್ನು ಎಳೆಯುತ್ತಿತ್ತು. ಗಾಳಿ ಮೊದಲು ಬಿಲ್ಲೆಯಾಕಾರದ ಒಂದು ಬಿಳಿ ಶೋಧಕ ಕಾಗದವನ್ನು ಹಾದುಹೋಗುತ್ತದೆ. ಅದರಲ್ಲಿ ತೇಲುವ ಮಸಿ, ಧೂಳು ಅಲ್ಲೇ ನಿಲ್ಲುತ್ತವೆ. ಆಮೇಲೆ ದ್ರವ ತುಂಬಿದ ಗಾಜಿನ ಬಾಟಲಿಯಲ್ಲಿ ಗುಳುಗುಳು ಎನ್ನುತ್ತ ಹೊರಗೆ ಬರುತ್ತದೆ. ಕಲ್ಲಿದ್ದಲು, ಎಣ್ಣೆ ಉರಿಸಿದರೆ ಬರುವ ಗಂಧಕದ ಅನಿಲ ಗಾಳಿಯಲ್ಲಿ ಚೂರು ಇದ್ದರೂ ಅದನ್ನು ಬಾಟಲಿ ಹಿಡಿದಿಡುತ್ತದೆ. ಕಾಗದ ಎಷ್ಟು ಕಪ್ಪಾಯಿತು, ಬಾಟಲಿಗೆ ಏನು ಸಿಕ್ಕಿತು, ಇಷ್ಟೇ ಲೆಕ್ಕ. ಯುರೋಪಿನ ಕಾರ್ಖಾನೆಗಳ ಹೊಗೆ ಇಷ್ಟು ದೂರ ಬರುತ್ತದೋ ಇಲ್ಲವೋ ತಿಳಿಯಬೇಕು, ಅದಕ್ಕೇ ಸುತ್ತ ಹೊಗೆಯೇ ಇಲ್ಲದ ಈ ಜಾಗ ಆರಿಸಿದ್ದೇವೆ ಎಂದರು ಕೋಸ್ಕಿ.

"ಸುತ್ತ ಹೊಗೆಯೇ ಇಲ್ಲವೆಂದು ಹೇಗೆ ಗೊತ್ತು?" ಎಂದೆ.

"ಎಲ್ಲ ಮನೆಗೂ ಹೋಗಿ ಕೇಳಿದ್ದೇವೆ. ಯಾರೂ ಏನೂ ಸುಡುವುದಿಲ್ಲ. ಮನೆಗಳಿಗೆಲ್ಲ ಕರೆಂಟಿನ ಒಲೆ, ಕರೆಂಟಿನ ಶಾಖ."

ಕೋಣೆಯ ಬಾಗಿಲಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಬೆಂಕಿಪೊಟ್ಟಣ, ಸಿಗರೇಟು ಏನಿದ್ದರೂ ಅದರಲ್ಲಿ ಹಾಕಿ ಒಳಗೆ ಬರಬೇಕು. ನಾನು ಪ್ರಾಮಾಣಿಕಳಾಗಿ ನನ್ನ ಬೆಂಕಿಪೊಟ್ಟಣ ಹಾಕಿದೆ. ಅಷ್ಟಕ್ಕೇ ಬಿಡದೆ, ಶನಿವಾರ ಒಂದು ಎಳ್ಳುಬತ್ತಿ ಹಚ್ಚಬೇಕು, ನಾನಿಳಿದುಕೊಂಡ ಮನೆಯ ಹಿತ್ತಿಲಿನಲ್ಲಾದರೂ ಹಚ್ಚಬಹುದೇ ಎಂದು ಬತ್ತಿ ತೋರಿಸಿ ಕೇಳಿದೆ. ಅವರು ಅದನ್ನು ಕೈಯಲ್ಲಿ ಹಿಡಿದು ಮೂಸಿದರು. ಒಂದು ಲೋಟ ಕಾಫಿಯಷ್ಟು ಹೊತ್ತು ಯೋಚಿಸಿದರು.

"ಬೇಡ. ದಡದಲ್ಲಿ ಎಲ್ಲಿಯೂ ಬೇಡ."

ನನ್ನ ಬೆಂಕಿಪೊಟ್ಟಣವನ್ನು ಡಬ್ಬಿಯಿಂದ ತೆಗೆದು ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು. ಡಬ್ಬಿಯ ಮೇಲೂ ಅವರಿಗೆ ನಂಬಿಕೆಯಿಲ್ಲ ಎಂದು ತಿಳಿದು, ಈ ಮನುಷ್ಯ ನಮ್ಮವನೇ ಎನ್ನಿಸಿತು.

ಹಿಲ್ಮಾ ಅವರ ಮನೆ

ನನ್ನನ್ನು ಇರಿಸಿದ್ದು ದಡದ ಒಂದು ಮನೆಯಲ್ಲಿ. ಮನೆಯ ಯಜಮಾನಿ ಹಿಲ್ಮಾ, ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಅವರ ಮಗ ಆರ್ವೋ ಕೇಂದ್ರದ ಪಂಪು ನೋಡಿಕೊಳ್ಳುವವನು, ಸ್ವಲ್ಪ ಇಂಗ್ಲಿಷ್ ಬಲ್ಲವನು. ಹಿಲ್ಮಾ ಅವರಿಗೆ ಅವರ ಭಾಷೆ ಬಿಟ್ಟು ಬೇರೆ ಬಾರದು. ನಾವಿಬ್ಬರೂ ಒಬ್ಬರ ತಟ್ಟೆಯನ್ನು ಇನ್ನೊಬ್ಬರು ಅನುಮಾನದಿಂದ ನೋಡುತ್ತ ಊಟ ಮಾಡುತ್ತಿದ್ದೆವು. ಅವರ ಸಾರಿನಲ್ಲಿ ಮೀನು ಅಡಗಿದೆಯೇ ಎಂದು ನಾನು ಚಮಚ ಆಡಿಸುತ್ತಿದ್ದೆ. ನನ್ನ ಹುರಿಹಿಟ್ಟಿನ ಉಂಡೆಯನ್ನು ಅವರು ದೂರದಿಂದಲೇ ಮುಳ್ಳುಚಮಚದಲ್ಲಿ ತಿವಿದು ನೋಡುತ್ತಿದ್ದರು. ಒಮ್ಮೆ ಕಪ್ಪಗಿನ ಮಿಠಾಯಿ ಕೊಟ್ಟರು. ಬಾಯಿಗಿಟ್ಟರೆ ಉಪ್ಪು! ಮಿಠಾಯಿಗೆ ಉಪ್ಪು ಹಾಕುವವರನ್ನು ಹೇಗೆ ನಂಬುವುದು?

ಎಲ್ಲಕ್ಕಿಂತ ಅನುಮಾನ ಬಂದದ್ದು ನೀರಿನಂಚಿನ ಒಂದು ಮರದ ಗುಡಿಸಲಿನ ಮೇಲೆ. ಅದಕ್ಕೆ ಚಿಮಣಿ ಇರಲಿಲ್ಲ, ಬಾಗಿಲ ಮೇಲಿನ ಮರ ಇದ್ದಿಲಿನಷ್ಟು ಕಪ್ಪು. ಶುಕ್ರವಾರ ಸಂಜೆ ಆರ್ವೋ ಅಲ್ಲಿಗೆ ಸೌದೆ ಹೊರುತ್ತಿದ್ದ, ಬಕೆಟ್ಟುಗಟ್ಟಲೆ ನೀರು ಹೊರುತ್ತಿದ್ದ. ಭಾನುವಾರ ಬೆಳಿಗ್ಗೆ ತಾಯಿ ಮಗ ಇಬ್ಬರ ಮುಖವೂ ಕೆಂಪಗೆ, ಕಳೆಕಳೆಯಾಗಿ, ಯಾವ ಚಿಂತೆಯೂ ಇಲ್ಲದಂತೆ ಇರುತ್ತಿತ್ತು. ಸೌದೆ, ನೀರು, ಗುಟ್ಟಿನ ಗುಡಿಸಲು, ಕೆಂಪು ಮುಖ. ನಮ್ಮ ಕಡೆಯವರು ಯಾರಾದರೂ ಹೇಳಲಿ, ಇದು ಕಳ್ಳಭಟ್ಟಿ ಅಲ್ಲದೆ ಇನ್ನೇನು? ಉಂಡ ಮನೆ, ಬಾಯಿ ಬಿಡಬಾರದು ಎಂದು ಸುಮ್ಮನಾದೆ.

ಕಪ್ಪು ಶನಿವಾರಗಳು

ಇಲ್ಲಿ ಒಂದು ಮಾತು ಹೇಳಬೇಕು. ನಾನು ಬರುವ ತನಕ ಆ ಕೇಂದ್ರದಲ್ಲಿ ಶನಿವಾರ ಮಧ್ಯಾಹ್ನ ಪಂಪು ನಿಲ್ಲಿಸಿ, ಭಾನುವಾರ ಬೆಳಿಗ್ಗೆ ಮತ್ತೆ ಹಾಕುತ್ತಿದ್ದರು. ಶನಿವಾರ ಮಧ್ಯಾಹ್ನದ ಮೇಲೆ ಆ ದೇಶದಲ್ಲಿ ಯಾರೂ ಯಾರಿಗೂ ಸಿಗುವುದಿಲ್ಲ. ಏನು ಅಷ್ಟು ಕೆಲಸ ಎಂದರೆ "ಸ್ನಾನ" ಎನ್ನುತ್ತಿದ್ದರು. ವಾರಕ್ಕೊಂದು ಸ್ನಾನಕ್ಕೆ ಇಷ್ಟು ಸಡಗರವೇ ಎಂದು ನಾನು ಮೂಗು ಮುರಿದೆ. ಮನೆಯೊಳಗೆ ಬಿಸಿನೀರಿನ ನಲ್ಲಿ ಇತ್ತು, ನಾನು ದಿನವೂ ಮೀಯುತ್ತಿದ್ದೆ. ಯಾವ ತಕರಾರೂ ಇಲ್ಲದ ನಾನು ಬಂದದ್ದರಿಂದ ಶನಿವಾರವೂ ಪಂಪು ಓಡಿಸಬಹುದೆಂದು ಕೋಸ್ಕಿಯವರಿಗೆ ಖುಷಿಯಾಯಿತು. ಹಾಗಾಗಿ ಶನಿವಾರ ಬಂಡೆಯ ಮೇಲೆ ನಾನೊಬ್ಬಳೇ.

ಮೊದಲ ಶನಿವಾರ ಎಳ್ಳುಬತ್ತಿಯನ್ನು ಹಚ್ಚದೆ, ಕಿಟಕಿಯ ಹಲಗೆಯ ಮೇಲೆ ಸುಮ್ಮನೆ ಇಟ್ಟು ಕೈ ಮುಗಿದೆ. ಬಂದ ದಿನದಿಂದ ನನಗೆ ನೆಗಡಿ ಹಿಡಿದು ಮೂಗು ಪೂರಾ ಕಟ್ಟಿತ್ತು. ಸಂಜೆ ನೀರಿನ ಮೇಲೆ ದಿನವೂ ಏಳುವ ಹಾಗೆಯೇ ಮಂಜು ಎದ್ದಿತು, ಸ್ವಲ್ಪ ನೀಲಿ ಎನ್ನಿಸಿತು ಅಷ್ಟೆ. ಮಫ್ಲರ್ ಸುತ್ತಿಕೊಂಡು ಪಂಪಿನ ಮುಳ್ಳು ನೋಡುತ್ತ ಕೂತೆ. ಭಾನುವಾರ ಬೆಳಿಗ್ಗೆ ಕಾಗದ ತೆಗೆದರೆ ಕಪ್ಪಗಿತ್ತು.

ವಾರದ ಬೇರೆ ದಿನದ ಕಾಗದಗಳು ಮಲ್ಲಿಗೆಯಷ್ಟು ಬಿಳಿ. ಮುಂದಿನ ಶನಿವಾರವೂ ಕಪ್ಪು. ಅದರಾಚೆಯದೂ ಕಪ್ಪು.

ಕೋಸ್ಕಿ ಆ ಕಪ್ಪು ಬಿಲ್ಲೆಗಳನ್ನು ಸಾಲಾಗಿ ಮೇಜಿನ ಮೇಲಿಟ್ಟು ನನ್ನನ್ನು ಕೂರಿಸಿದರು. "ನೀವು ಬರುವ ಮೊದಲು ಹೀಗಿರಲಿಲ್ಲ," ಎಂದರು.

"ನಾನು ಬರುವ ಮೊದಲು ಶನಿವಾರದ ಕಾಗದವೇ ಇರಲಿಲ್ಲ," ಎಂದೆ.

ಅದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡ ಹಾಗೆ ಕಾಣಲಿಲ್ಲ. "ಶನಿವಾರ ಇಲ್ಲಿ ಇರುವವರು ನೀವೊಬ್ಬರೇ. ಶನಿವಾರವೇ ಸುಡಬೇಕಾದ ಕಪ್ಪು ಬಟ್ಟೆ ಇರುವುದೂ ನಿಮ್ಮ ಬಳಿ ಮಾತ್ರ. ಕಿಟಕಿಯ ಹಲಗೆಗೆ ಎಣ್ಣೆ ಮೆತ್ತಿದೆ."

"ಇಟ್ಟಿದ್ದೆ. ಹಚ್ಚಲಿಲ್ಲ. ನನ್ನ ಬೆಂಕಿಪೊಟ್ಟಣ ನಿಮ್ಮ ಜೇಬಿನಲ್ಲಿದೆ!"

"ಬೆಂಕಿಪೊಟ್ಟಣ ಅಂಗಡಿಯಲ್ಲೂ ಸಿಗುತ್ತದೆ."

ನನಗೆ ಅಳು ಬಂತು, ಸಿಟ್ಟೂ ಬಂತು. ಜೀವಮಾನವೆಲ್ಲ ಬೇರೆಯವರನ್ನು ಅನುಮಾನಿಸಿದ ನನ್ನನ್ನು ಒಬ್ಬರು ಎದುರಿಗೆ ಕೂರಿಸಿ ಅನುಮಾನಿಸಿದ್ದು ಅದೇ ಮೊದಲು. ಅದು ಇಷ್ಟು ಉರಿಯುತ್ತದೆ ಎಂದು ಗೊತ್ತಿರಲಿಲ್ಲ. ಬಾಟಲಿ ನೋಡಿ, ಗಂಧಕ ಚೂರೂ ಇಲ್ಲ, ಇದು ಕಲ್ಲಿದ್ದಲಿನದಲ್ಲ, ಇನ್ಯಾವುದೋ ಬೆಂಕಿಯ ಹೊಗೆ ಎಂದೆ. ನಿಮ್ಮ ಎಳ್ಳಿನಲ್ಲೂ ಅಂಥಾ ಗಂಧಕ ಇರಲಾರದು ಎಂದರು. ಮಾತು ಮುಗಿಯಿತು. ಬರುವ ಶನಿವಾರ ನಾನು ಬಂಡೆಯ ಕಡೆ ಹೋಗುವಂತಿಲ್ಲ, ಅವರೇ ಕೂರುತ್ತಾರೆ. ಕಾಗದ ಬಿಳಿಯಾಗಿ ಬಂದರೆ ನಾನು ಪಟ್ಟಣದ ಕಚೇರಿಗೆ ಹೋಗಿ ಟಿಕೆಟ್ಟಿನ ದಿನದವರೆಗೂ ಪುಸ್ತಕ ಓದುತ್ತ ಇರಬೇಕು. ಆಮೇಲೆ ನಮ್ಮ ಸಾಹೇಬರಿಗೆ ಅವರು ಏನು ಬರೆಯುತ್ತಾರೆಂದು ಕೇಳುವ ಅಗತ್ಯವೇ ಇರಲಿಲ್ಲ.

ಆ ವಾರ ನಾನು ಎಲ್ಲರನ್ನೂ ಅನುಮಾನಿಸಿದೆ. ಆರ್ವೋ ಬೇಕೆಂದೇ ಪಂಪಿಗೆ ಮಸಿ ಊದಿದನೇ? ಕೋಸ್ಕಿಯೇ ಕಾಗದ ಬದಲಿಸಿದರೇ? ಕೊನೆಗೆ ನನ್ನ ಅನುಮಾನ ಮಧುರೆಗೇ ಹೋಗಿ ನಿಂತಿತು. ಎಂ.ಎಸ್ಸಿ. ಓದಿದವಳು ಹೇಳಬಾರದು, ಆದರೂ ಹೇಳುತ್ತೇನೆ. ವಾರ ಶನಿವಾರ, ಬಣ್ಣ ಕಪ್ಪು, ಹಚ್ಚದೆ ಉಳಿದ ಬತ್ತಿ. ತನಗೆ ಸಲ್ಲಬೇಕಾದ ಮಸಿಯನ್ನು ಶನಿಮಹಾತ್ಮ ತಾನೇ ಇಷ್ಟು ದೂರ ಬಂದು ನನ್ನ ಕಾಗದದ ಮೇಲೆ ಬಳಿದು ಹೋಗುತ್ತಿದ್ದಾನೆ ಎಂದು ಎರಡು ರಾತ್ರಿ ನಾನು ನಿಜವಾಗಿ ನಂಬಿದೆ.

ನನ್ನನ್ನು ದೂರ ಇಟ್ಟ ಶನಿವಾರ

ಆ ಶನಿವಾರ ಮೊದಲ ಸಲ ಮಧ್ಯಾಹ್ನದ ಹೊತ್ತು ಮನೆಯಲ್ಲಿದ್ದೆ. ನೆಗಡಿಯೂ ಇಳಿದಿತ್ತು. ಮಹಡಿಯ ಕೋಣೆಯಲ್ಲಿ ಮುಖ ಊದಿಸಿಕೊಂಡು ಕೂತವಳಿಗೆ ಸೌದೆ ಉರಿಯುವ ವಾಸನೆ ಮೂಗಿಗೆ ಬಡಿಯಿತು. ಕಿಟಕಿಯಿಂದ ಬಗ್ಗಿ ನೋಡಿದೆ. ಆ ಗುಡಿಸಲಿನ ಬಾಗಿಲಿನಿಂದ, ಗೋಡೆಯ ಕಿಂಡಿಯಿಂದ, ಮರದ ಸಂದುಗಳಿಂದ ಹೊಗೆ ಬಳಬಳ ಬರುತ್ತಿತ್ತು. ಗಾಳಿಯಿರಲಿಲ್ಲ. ಹೊಗೆ ಮೇಲೇಳದೆ ನೀರಿನ ಮೇಲೆ ಹಾಸಿಕೊಂಡು ಬಂಡೆಯ ಕಡೆಗೆ ಹೊರಟಿತ್ತು.

ಭಟ್ಟಿ ಇಳಿಸುತ್ತಿದ್ದಾರೆ! ಇವತ್ತು ಹಿಡಿದೇ ಬಿಡುತ್ತೇನೆ ಎಂದು ಮೆಟ್ಟಿಲಿಳಿದು ಓಡಿದೆ. ಗುಡಿಸಲಿನ ಮುಂದೆ ಹಿಲ್ಮಾ ಒಂದು ಟವೆಲ್ ಸುತ್ತಿಕೊಂಡು ನಿಂತಿದ್ದರು. ಕೈಯಲ್ಲಿ ಸೊಪ್ಪಿನ ಕಟ್ಟು. ಒಲೆ ಆರಿಸಿ, ಹೊಗೆ ಹೊರಗೆ ಹೋಗಲೆಂದು ಬಾಗಿಲು ತೆರೆದಿಟ್ಟು ಕಾಯುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಇನ್ನೊಂದು ಟವೆಲ್ ಚಾಚಿದರು.

ಬಲೆ ಬೀಸುತ್ತಿದ್ದಾರೆ ಎಂದುಕೊಂಡೆ. ಆದರೂ ಒಳಗೆ ಏನಿದೆ ಎಂದು ತಿಳಿಯದೆ ಹಿಂದೆ ಹೋಗುವುದು ನನ್ನ ಜಾಯಮಾನವಲ್ಲ. ಅವರು ಬೆನ್ನು ತಿರುಗಿಸಿ ನಿಂತರು, ನಾನು ಸೀರೆ ಬಿಚ್ಚಿ ಟವೆಲ್ ಸುತ್ತಿಕೊಂಡೆ. ಒಳಗೆ ಭಟ್ಟಿ ಇರಲಿಲ್ಲ. ಕಲ್ಲು ಒಟ್ಟಿದ ಒಂದು ಒಲೆ, ಮರದ ಮೆಟ್ಟಿಲು, ಒಂದು ಬಾನಿ ನೀರು. ಹಿಲ್ಮಾ ಕಾದ ಕಲ್ಲಿನ ಮೇಲೆ ನೀರೆರಚಿದರು. ಚುಯ್ ಎಂದು ಹಬೆ ಎದ್ದು ಮೈಯನ್ನೆಲ್ಲ ಒತ್ತಿ ಹಿಡಿಯಿತು. ನನ್ನ ಬೆನ್ನಿಗೆ ಸೊಪ್ಪಿನಿಂದ ಹಗುರಾಗಿ ಹೊಡೆದರು. ಹೊಡೆಯುತ್ತಿದ್ದಾರಲ್ಲಾ ಎಂದು ಗಾಬರಿಯಾದವಳಿಗೆ ಎರಡನೆಯ ಏಟಿಗೆ ಗೊತ್ತಾಯಿತು. ದೀಪಾವಳಿಯ ನೀರು ತುಂಬುವ ದಿನ ಹಂಡೆ ತೊಳೆದು, ಬಚ್ಚಲ ಒಲೆಗೆ ಸೌದೆ ತುಂಬಿ, ಮಾರನೆಯ ದಿನ ಎಣ್ಣೆ ಒತ್ತಿ, ಬೆನ್ನು ಗುದ್ದಿ, ಚೆಂಬು ಚೆಂಬು ಸುಡುನೀರು ಹುಯ್ಯುವ ನಮ್ಮತ್ತೆಯ ಕೈ ಇದು. ಈ ವಾಸನೆ ನನಗೆ ಹುಟ್ಟಿದಾಗಿನಿಂದ ಗೊತ್ತು. ಇದು ಬಚ್ಚಲುಮನೆ! ಅಷ್ಟು ದಿನದ ಬಿಗಿ ಅಲ್ಲೇ ಸಡಿಲವಾಗಿ, ಹಬೆಯಲ್ಲಿ ಕಾಣುವುದಿಲ್ಲವೆಂಬ ಧೈರ್ಯದಿಂದ ಚೆನ್ನಾಗಿ ಅತ್ತೆ.

ಏಳುವಾಗ ಕಾಲು ಜಾರಿ ಗೋಡೆಗೆ ಕೈ ಊರಿದೆ. ಹೊರಗೆ ಬಂದು ನೋಡಿದರೆ ಅಂಗೈ ಪೂರಾ ಕಪ್ಪು.

ಭಾನುವಾರ ಬೆಳಿಗ್ಗೆ

ಕೈ ತೊಳೆಯಲೇ ಇಲ್ಲ. ಬಲಗೈಗೆ ಕರ್ಚೀಫ್ ಸುತ್ತಿಕೊಂಡು ಮಲಗಿ, ಬೆಳಿಗ್ಗೆ ಕಾಲುಸೇತುವೆ ದಾಟಿದೆ. ಕೋಸ್ಕಿ ಪಂಪಿನ ಮುಂದೆ ಕೂತಿದ್ದರು. ಅವರ ಎದುರಿನ ಕಾಗದ ಕಪ್ಪಗಿತ್ತು.

"ನಾನೊಬ್ಬನೇ ಇದ್ದೆ," ಎಂದರು.

ನಾನು ಅಂಗೈ ಬಿಚ್ಚಿ ಕಾಗದದ ಪಕ್ಕದಲ್ಲಿ ಇಟ್ಟೆ. "ಹಿಲ್ಮಾ ಅವರ ಗೋಡೆ," ಎಂದೆ.

ಅವರು ಅಂಗೈ ನೋಡಿದರು, ಕಾಗದ ನೋಡಿದರು. "ಅದು ಸೌನಾ," ಎಂದರು. ಹಬೆಯಲ್ಲಿ ಮೀಯುವ ಆ ಗುಡಿಸಲಿಗೆ ಅವರ ಭಾಷೆಯಲ್ಲಿ ಅದೇ ಹೆಸರು.

"ಸೌದೆ ಉರಿಯುತ್ತದೆ."

"ಆದರೆ ಅದು ಸೌನಾ," ಎಂದರು ಮತ್ತೆ. ಇದಕ್ಕಿಂತ ಹೆಚ್ಚು ಇನ್ನೇನು ಹೇಳಬೇಕು ಎನ್ನುವ ಹಾಗಿತ್ತು ಅವರ ಮುಖ. ದಡದ ಮನೆಮನೆಗೂ ಹೋಗಿ ಏನಾದರೂ ಸುಡುತ್ತೀರಾ ಎಂದು ಕೇಳಿದ್ದರು. ಜನ ಸುಳ್ಳು ಹೇಳಿರಲಿಲ್ಲ. ಮಧುರೆಯಲ್ಲಿ ಯಾರಾದರೂ ಬಂದು ಊರಲ್ಲಿ ಬೆಂಕಿ ಹಾಕುವವರು ಯಾರಿದ್ದೀರಿ ಎಂದು ಕೇಳಿದರೆ ನಮ್ಮತ್ತೆ ಬಚ್ಚಲ ಒಲೆಯ ಮುಂದೆ ಕೂತು ಊದುಕೊಳವೆ ಕೆಳಗಿಟ್ಟು, "ಇಲ್ಲಿ ಯಾರೂ ಇಲ್ವಲ್ಲಪ್ಪ," ಎನ್ನುತ್ತಿದ್ದರು. ಮೀಯುವ ಬೆಂಕಿ ಯಾರ ಲೆಕ್ಕದಲ್ಲೂ ಬೆಂಕಿಯಲ್ಲ.

"ನಿನ್ನೆ ಸಂಜೆ ಹೊರಗೆ ನಿಂತಿದ್ದೆ," ಎಂದರು ಕೋಸ್ಕಿ. "ದಡದ ಸುತ್ತ ನೀಲಿ ಹೊಗೆ. ಐವತ್ತು ವರ್ಷ ಇದೇ ಕೆರೆಯ ಪಕ್ಕ ಇದ್ದೇನೆ. ಆ ಹೊತ್ತಿನಲ್ಲಿ ನಾನೂ ಸೌನಾದ ಒಳಗೇ, ಹೊರಗೆ ಇದ್ದದ್ದೇ ಇಲ್ಲ."

ಆದರೂ ಅವರು ಕ್ಷಮಿಸಿ ಎನ್ನಲಿಲ್ಲ. ಅಂಗೈ ಸಾಕ್ಷಿಯಾಗುವುದಿಲ್ಲ, ಒಂದು ಶನಿವಾರ ಈ ದಡದಲ್ಲಿ ಸೌನಾ ಇಲ್ಲದೆ, ನೀವು ಬಂಡೆಯ ಮೇಲೆ ಇದ್ದು, ಕಾಗದ ಬಿಳಿ ಬರಬೇಕು ಎಂದರು. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ ಎನ್ನುವುದು ಇನ್ನೂ ಸಿಟ್ಟು ಬರಿಸಿತು.

ಸ್ನಾನವಿಲ್ಲದ ಶನಿವಾರ

ಆ ದಡದಲ್ಲಿ ಹಿಲ್ಮಾ ಒಪ್ಪಿದರೆ ಎಲ್ಲ ಮನೆಯವರೂ ಒಪ್ಪಿದ ಹಾಗೆ. ಹಿಲ್ಮಾ ಒಪ್ಪಲಿಲ್ಲ. ಅಡಿಗೆಮನೆಯ ಮೇಜಿನ ಒಂದು ಕಡೆ ಅವರು, ಇನ್ನೊಂದು ಕಡೆ ಕೋಸ್ಕಿ ಮತ್ತು ನಾನು, ನಡುವೆ ಭಾಷೆ ದಾಟಿಸಲು ಆರ್ವೋ.

"ನಾನು ಹುಟ್ಟಿದ್ದು ಅದೇ ಗುಡಿಸಲಿನಲ್ಲಿ. ಇವನನ್ನು ಹೆತ್ತಿದ್ದೂ ಅಲ್ಲೇ. ಯುದ್ಧ ನಡೆಯುವಾಗಲೂ ಶನಿವಾರ ತಪ್ಪಿಸಿಲ್ಲ. ಒಂದು ಚೂರು ಕಾಗದಕ್ಕೋಸ್ಕರ ತಪ್ಪಿಸಬೇಕಾ?"

"ಶುಕ್ರವಾರ ಮಾಡಿಕೊಳ್ಳಿ," ಎಂದರು ಕೋಸ್ಕಿ.

"ಶನಿವಾರದ್ದು ಶುಕ್ರವಾರ ಆಗುತ್ತದೆಯೇ?" ಎಂದು ಹಿಲ್ಮಾ ಗದರಿದರು. ಒಳಗೊಳಗೇ ನಾನು ಅವರ ಕಡೆ ಸೇರಿಬಿಟ್ಟೆ. ಕಾಫಿ ತಣ್ಣಗಾಗುತ್ತಿತ್ತು. ನಾನು ಮೇಲೆ ಹೋಗಿ ಎಳ್ಳುಬತ್ತಿಯ ಗಂಟು ತಂದು ಮೇಜಿನ ಮೇಲೆ ಬಿಚ್ಚಿದೆ.

"ಆರ್ವೋ, ಅಮ್ಮನಿಗೆ ಹೇಳು. ಇದು ನನ್ನ ಶನಿವಾರ. ಬಂದಾಗಿನಿಂದ ಒಂದೂ ಹಚ್ಚಿಲ್ಲ. ಹಚ್ಚಬೇಡ ಎಂದರು, ಹಚ್ಚಲಿಲ್ಲ. ಊರಿನಲ್ಲಿ ನಮ್ಮತ್ತೆ ಹಚ್ಚಿದ್ದೇನೆಂದು ತಿಳಿದಿದ್ದಾರೆ. ಇಲ್ಲಿ ಇವರು ಕದ್ದು ಹಚ್ಚಿದ್ದೇನೆಂದು ತಿಳಿದಿದ್ದಾರೆ. ನನ್ನ ಮಾತನ್ನು ನಂಬುವವರು ಯಾರೂ ಇಲ್ಲ."

ಹಿಲ್ಮಾ ಒಂದು ಬತ್ತಿಯನ್ನು ಎತ್ತಿಕೊಂಡು, ಗಂಟನ್ನು ಯಾರು ಕಟ್ಟಿದ್ದು ಎಂದು ಕೇಳಿಸಿದರು. ನಮ್ಮತ್ತೆ ಎಂದೆ. ಎಷ್ಟು ವಯಸ್ಸು ಎಂದು ಕೇಳಿಸಿದರು. ಹೇಳಿದೆ. ಎಲ್ಲವನ್ನೂ ಮತ್ತೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಎದ್ದು ಹೋಗಿ ಫೋನು ತಿರುಗಿಸತೊಡಗಿದರು. ಒಂದಾದ ಮೇಲೊಂದು ಮನೆ. ಏನು ಹೇಳಿದರೋ ತಿಳಿಯದು, ಒಂದು ಮನೆಯವರ ಜೊತೆ ಜೋರಾಗಿ ಜಗಳವನ್ನೂ ಆಡಿದರು.

ಆ ಶನಿವಾರ ಬಂಡೆಯ ಮೇಲೆ ನನ್ನ ಜೊತೆ ಕೋಸ್ಕಿಯೂ ಕೂತರು, ನಾನು ಹೊರಗೆ ಎದ್ದು ಹೋದರೆ ಅವರೂ ಎದ್ದು ಬಂದರು. ಸಂಜೆ ಬಂದ ಮಂಜು ಬೆಳ್ಳಗಿತ್ತು, ಅದಕ್ಕೆ ನೀರಿನ ವಾಸನೆ ಬಿಟ್ಟು ಬೇರೆ ವಾಸನೆ ಇರಲಿಲ್ಲ. ದಡದಲ್ಲಿ ಅಲ್ಲಲ್ಲಿ ಜನ ಮನೆಯ ಮುಂದೆ ಏನು ಮಾಡಬೇಕೆಂದು ತೋಚದೆ ನಿಂತಿದ್ದು ಕಾಣುತ್ತಿತ್ತು.

ಬೆಳಿಗ್ಗೆ ಕಾಗದವನ್ನು ನಾನು ಮುಟ್ಟಲಿಲ್ಲ, ಅವರೇ ತೆಗೆದರು. ಕಿಟಕಿಯ ಬೆಳಕಿಗೆ ಹಿಡಿದರು. ಮಗುಚಿ ಹಿಂದೆ ನೋಡಿದರು. ಮಲ್ಲಿಗೆಯಷ್ಟು ಬಿಳಿ. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ.

ಕೋಸ್ಕಿ ಪಂಪು ನಿಲ್ಲಿಸಿದರು. ಕೋಟಿನ ಜೇಬಿನಿಂದ ನನ್ನ ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಕಪ್ಪು ಬಟ್ಟೆ ತನ್ನಿ, ಹಚ್ಚಿ," ಎಂದರು.

ಇದೂ ಇನ್ನೊಂದು ಪರೀಕ್ಷೆಯೇ ಎಂದು ಅವರ ಮುಖ ನೋಡಿದೆ. ಕಣ್ಣು ಕೆಂಪಾಗಿತ್ತು, ರಾತ್ರಿಯೆಲ್ಲ ಕೂತದ್ದಕ್ಕೋ ಏನೋ. ಇವತ್ತು ಭಾನುವಾರ, ಶನಿವಾರವಲ್ಲ ಎಂದೆ. ನನಗೆ ಕಾಯಲು ಬರುತ್ತದೆ ಎಂದರು. ಮುಂದಿನ ಶನಿವಾರ ದಡದಲ್ಲಿ ಸೌನಾಗಳು ಶುರುವಾಗುವ ಮೊದಲೇ, ಬೆಳಿಗ್ಗೆ, ತಲೆಯ ಮೇಲಿನ ಟೋಪಿ ಕೈಯಲ್ಲಿ ಹಿಡಿದು ಬಂಡೆಯ ಮೇಲಿನ ಕೋಣೆಯ ಬಾಗಿಲಲ್ಲಿ ನಿಂತರು. ನಾನು ಬತ್ತಿ ಹಚ್ಚಿದೆ. ಎಳ್ಳು ಚಟಪಟ ಸಿಡಿದು ಕಪ್ಪು ಹೊಗೆ ಎದ್ದಿತು. ಕಣ್ಣು ಮುಚ್ಚಿ ಕೈ ಮುಗಿದು ನಿಂತವಳಿಗೆ ಪಂಪು ಗುರ್ ಎಂದದ್ದು ಕೇಳಿಸಿತು. ಕಣ್ಣು ಬಿಟ್ಟರೆ, ಹೊಸ ಕಾಗದ ಹಾಕಿ ಆ ಮನುಷ್ಯ ಹೊಗೆಯನ್ನು ಅಳೆಯುತ್ತಿದ್ದಾರೆ!

"ಗೊತ್ತಿರಲಿ ಎಂದು," ಎಂದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಕಾಗದದ ಹಿಂದೆ ನನ್ನ ಹೆಸರು ಬರೆದು ಲಕೋಟೆಗೆ ಹಾಕಿ ನನಗೇ ಕೊಟ್ಟರು.

ಮತ್ತೆ ಮಧುರೆ

ಯಂತ್ರ ಬಂತು, ತಡವಾಗಿ ಬಂತು, ಕೆರೆ ಏರಿಯ ಮೇಲೆ ಕೂತಿತು. ಅದು ಆಮೇಲಿನ ಮಾತು. ನಾನು ಮನೆ ಸೇರಿದ ದಿನ ಅತ್ತೆ ಪೆಟ್ಟಿಗೆಯಿಂದ ಮೊದಲು ತೆಗೆದದ್ದು ಎಳ್ಳುಬತ್ತಿಯ ಗಂಟನ್ನು. ಅದು ಹೋದಾಗ ಎಷ್ಟು ದಪ್ಪ ಇತ್ತೋ ಹೆಚ್ಚೂಕಡಿಮೆ ಅಷ್ಟೇ ದಪ್ಪ ಇತ್ತು.

"ಹಚ್ಚಿಲ್ಲ," ಎಂದರು.

"ಒಂದೇ ಒಂದು ಹಚ್ಚಿದೆ ಅತ್ತೆ. ಮಿಕ್ಕಿದ್ದಕ್ಕೆ ಅವರು ಬಿಡಲಿಲ್ಲ." ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ.

"ಆ ಒಂದೂ ಹಚ್ಚಿದ್ದೀಯ ಅಂತ ನಾನೆಂಗೆ ನಂಬ್ಲಿ? ಕಸ್ಟಮ್ಸ್‌ನೋನು ತಿಂದ ಅಂತೀಯ, ಇನ್ಯಾವನೋ ಡಾಕ್ಟ್ರು ಮಿಷನ್ ಹಾಕ್ದ ಅಂತೀಯ. ಕತೆ ಹೇಳ್ಬೇಡ ನಂಗೆ."

ಲಕೋಟೆ ತೆಗೆದು ಕಾಗದವನ್ನು ಅವರ ಕೈಗಿಟ್ಟೆ. ಅತ್ತೆ ಎದ್ದು ಬಾಗಿಲ ಬೆಳಕಿಗೆ ಹೋದರು. ಮೇಲೆ ಎತ್ತಿ ಹಿಡಿದು ನೋಡಿದರು, ಮಗುಚಿ ಹಿಂದೆ ನೋಡಿದರು. ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿ ಮೂಸಿದರು. ಅಷ್ಟು ದೂರ ಬಂದರೂ ಅದರಲ್ಲಿ ಎಳ್ಳೆಣ್ಣೆಯ ಕಮಟು ಉಳಿದಿತ್ತೋ ಏನೋ. ಉಂಗುರದ ಬೆರಳನ್ನು ಆ ಮಸಿಯ ಮೇಲೆ ಒತ್ತಿ ತೆಗೆದು, ನನ್ನ ಹಣೆಯ ಕುಂಕುಮದ ಕೆಳಗೆ ಒಂದು ಚುಕ್ಕಿ ಇಟ್ಟರು.

"ಹಚ್ಚಿದ್ದೀಯ ಕಣವ್ವಾ," ಎಂದರು. "ಏಳು, ಹಂಡೆ ಕಾದೈತೆ. ತಲೆಗೆ ನೀರು ಹುಯ್ತೀನಿ ಬಾ."